ಕುದುರೆಯ ಮಂದಗಮನವೂ ವಿಕಲಚೇತನರ ಚಿಕಿತ್ಸೆಯೂ: ಹುತ್ರಿದುರ್ಗದ ಸೀಮೆಯವರಿಗೊಂದು ತಿಳಿವಳಿಕೆ

ಕುಣಿಗಲ್ಲಿಗೆ ಆಗ್ನೇಯದಲ್ಲಿ, ಮಾಗಡಿಯ ಸೀಮೆಗೆ ಹೊಂದಿಕೊಂಡಂತೆ, ಸಮುದ್ರಮಟ್ಟಕ್ಕಿಂತ ಸುಮಾರು 1,130 ಮೀಟರ್ ಎತ್ತರದಲ್ಲಿ ತಲೆಯೆತ್ತಿ ನಿಂತಿರುವ ಹುತ್ರಿದುರ್ಗವು, ಕೆಂಪೇಗೌಡರ ವಂಶದ ಹೆಸರಿನೊಡನೆ ಬೆರೆತು, ಬೆಂಗಳೂರನ್ನು ಸುತ್ತುವರಿದ ನವದುರ್ಗಗಳಲ್ಲಿ ಒಂದೆಂದು ಗಣನೆಗೆ ಬಂದಿರುವ ದುರ್ಗ. 1791ರ ಡಿಸೆಂಬರಿನಲ್ಲಿ, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಆಂಗ್ಲರ ಸೇನಾಪತಿ ಕಾರ್ನ್‌ವಾಲಿಸನ ಸೇನೆ ಸಾವನದುರ್ಗವನ್ನು ಹಿಡಿದ ಕೆಲವೇ ದಿನಗಳಲ್ಲಿ ಇದೂ ಅದರ ವಶವಾಯಿತು. ಆ ಯುದ್ಧಗಳಲ್ಲಿ ಓಡಾಡಿದ ಅಶ್ವದಳಗಳ ನೆನಪು ಈ ನೆಲದಿಂದ ಇನ್ನೂ ಅಳಿದಿಲ್ಲವೆಂಬುದಕ್ಕೆ ಸಾಕ್ಷಿಯಾಗಿ, ಟಿಪ್ಪುವಿನ ಕಾಲದಲ್ಲಿ ಸೇನೆಯ ಕುದುರೆಗಳಿಗಾಗಿ ಏರ್ಪಟ್ಟು, ಮುಂದೆ ಆಂಗ್ಲರ ಮತ್ತು ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಬೆಳೆದು, ಈಚಿನ ಕಾಲದಲ್ಲಿ ಪಂದ್ಯದ ಕುದುರೆಗಳ ತಳಿಗೆ ಹೆಸರಾದ ಕುಣಿಗಲ್ಲಿನ ಸ್ಟಡ್ ಫಾರಂ ಪಟ್ಟಣದ ಮಗ್ಗುಲಲ್ಲಿಯೇ ನಾನೂರು ಎಕರೆಗೂ ಮಿಗಿಲಾಗಿ ಹರಡಿಕೊಂಡಿದೆ. ಕುದುರೆಯೆಂದರೆ ಈ ಸೀಮೆಯವರಿಗೆ ಪರಕೀಯವಾದ ಪ್ರಾಣಿಯಲ್ಲ.

ಇಂತಿರಲು, ನಡೆಯಲಾರದ, ಕೂರಲಾರದ, ಅಥವಾ ಕರೆದರೆ ತಿರುಗಿ ನೋಡದ ಮಗುವೊಂದನ್ನು ಮನೆಯಲ್ಲಿ ಸಾಕುತ್ತಿರುವ ತಂದೆತಾಯಿಗಳ ಕಿವಿಗೆ, ಕುದುರೆಯ ಮೇಲೆ ಕೂರಿಸಿದರೆ ಇಂಥ ಮಕ್ಕಳಿಗೆ ಗುಣವಾಗುತ್ತದಂತೆ ಎಂಬ ಮಾತು ಎಲ್ಲಿಂದಲಾದರೂ ಬಿದ್ದಾಗ, ಅವರ ಮನಸ್ಸಿನಲ್ಲಿ ಆಸೆ ಮೂಡುವುದು ಸಹಜ. ಆ ಆಸೆಯನ್ನು ಸರಿಯಾದ ದಾರಿಗೆ ಹಚ್ಚುವುದು ಈ ಬರಹದ ಉದ್ದೇಶ. ಮೊದಲೇ ಹೇಳಿಬಿಡತಕ್ಕ ಮಾತೆಂದರೆ ಇದು: ಈ ಚಿಕಿತ್ಸೆಯ ಫಲವಿರುವುದು ಕುದುರೆಯ ನಿಧಾನವಾದ ನಡಿಗೆಯಲ್ಲಿ, ಮತ್ತು ಆ ನಡಿಗೆಯನ್ನು ರೋಗಿಯ ದೇಹಸ್ಥಿತಿಗೆ ಹೊಂದಿಸಬಲ್ಲ ಮನುಷ್ಯರ ವಿದ್ಯೆಯಲ್ಲಿ, ಕುದುರೆಯ ಕುಲ, ವೇಗ, ಬೆಲೆಗಳಿಗೂ ಅದಕ್ಕೂ ಸಂಬಂಧವಿಲ್ಲ.

ಅಶ್ವಾರೋಹಣವು ಆರೋಗ್ಯಕ್ಕೆ ಹಿತವೆಂಬ ಭಾವನೆ ಪುರಾತನವಾದುದು. ನಮ್ಮಲ್ಲಿಯೂ ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸವೆಂಬ ಗ್ರಂಥದಲ್ಲಿ ಕುದುರೆಗಳ ಲಕ್ಷಣವನ್ನೂ, ಅವುಗಳ ಶಿಕ್ಷಣವನ್ನೂ, ಅರಸರು ಕುದುರೆಯ ಮೇಲೆ ಕುಳಿತು ಆಡುವ ಚೆಂಡಾಟವನ್ನೂ ವಿಸ್ತಾರವಾಗಿ ವಿವರಿಸಿದ್ದಾನೆ. ಆದರೆ ಅಂಗವೈಕಲ್ಯವುಳ್ಳವರಿಗೂ ಸವಾರಿಗೂ ಇರುವ ನಂಟನ್ನು ಆಧುನಿಕ ಪ್ರಪಂಚದ ಕಣ್ಣಿಗೆ ಬೀಳುವಂತೆ ಮಾಡಿದವರು ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಮಹಿಳೆ. 1944ರಲ್ಲಿ, ಗರ್ಭಿಣಿಯಾಗಿದ್ದ ಕಾಲದಲ್ಲಿ, ಪೋಲಿಯೋ ತಗುಲಿ ಮೊಣಕಾಲಿನಿಂದ ಕೆಳಗೆ ಶಕ್ತಿಯುಡುಗಿಹೋದ ಆಕೆ, ವೈದ್ಯರ ನಿರೀಕ್ಷೆಯನ್ನು ಮೀರಿ ಮತ್ತೆ ಕುದುರೆಯೇರಿ, 1952ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡೆಗಳಲ್ಲಿ, ಕುದುರೆಯ ನಡೆಯನ್ನು ಸೂಕ್ಷ್ಮ ಸಂಕೇತಗಳಿಂದ ನಿಯಂತ್ರಿಸಿ ತೋರಿಸುವ ಡ್ರೆಸಾಜ್ ಸ್ಪರ್ಧೆಯಲ್ಲಿ, ಪುರುಷರೊಡನೆ ಸೆಣಸಿ ಬೆಳ್ಳಿಯ ಪದಕವನ್ನು ಪಡೆದರು. ನಾಲ್ಕು ವರ್ಷಗಳ ತರುವಾಯ ಮತ್ತೊಮ್ಮೆ ಅದೇ ಪದಕವನ್ನು ಗೆದ್ದರು. ಕುದುರೆಯನ್ನೇರಲೂ ಇಳಿಯಲೂ ಪರರ ನೆರವು ಬೇಕಾಗಿದ್ದ ಆಕೆಗೆ, ಒಮ್ಮೆ ಜೀನಿನ ಮೇಲೆ ಕುಳಿತಮೇಲೆ ಅಂಥ ನೆರವಿನ ಅಗತ್ಯವಿರಲಿಲ್ಲ. ಆ ದೃಶ್ಯದ ಪ್ರಭಾವದಿಂದ ಯುರೋಪಿನ ಹಲವೆಡೆ ಇಂಥ ಕೇಂದ್ರಗಳು ಹುಟ್ಟಿಕೊಂಡವು. 1969ರಲ್ಲಿ ಬ್ರಿಟನ್ನಿನಲ್ಲಿಯೂ ಉತ್ತರ ಅಮೆರಿಕದಲ್ಲಿಯೂ ಇದಕ್ಕಾಗಿಯೇ ರಾಷ್ಟ್ರಮಟ್ಟದ ಸಂಘಗಳು ಸ್ಥಾಪಿತವಾದವು. 1996ರಿಂದ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಅಶ್ವಾರೋಹಣವೂ ಸೇರಿದೆ.

ಇದರ ಒಳಗುಟ್ಟು ಅಡಗಿರುವುದು ಕುದುರೆಯ ಬೆನ್ನಿನ ಚಲನೆಯಲ್ಲಿ. ನಾಗಾಲೋಟವನ್ನೂ ದುಡುಕಿಯನ್ನೂ ಬದಿಗಿಟ್ಟು ಸಾಮಾನ್ಯ ನಡಿಗೆಯನ್ನು ಮಾತ್ರ ಗಮನಿಸಿದರೆ, ಕುದುರೆಯ ನಾಲ್ಕು ಗೊರಸುಗಳೂ ಒಂದಾದಮೇಲೊಂದರಂತೆ ಸಮವಾದ ತಾಳದಲ್ಲಿ ನೆಲವನ್ನು ಮುಟ್ಟುತ್ತವೆ. ಆ ಗತಿಗೆ ಅನುಸಾರವಾಗಿ ಅದರ ಬೆನ್ನು ಮುಂದಕ್ಕೂ ಹಿಂದಕ್ಕೂ, ಎಡಕ್ಕೂ ಬಲಕ್ಕೂ, ಮೇಲಕ್ಕೂ ಕೆಳಕ್ಕೂ ಏಕಕಾಲದಲ್ಲಿ ಚಲಿಸುತ್ತದೆ. ಆರೋಗ್ಯವಂತನಾದ ಮನುಷ್ಯನು ನಡೆಯುವಾಗ ಅವನ ಸೊಂಟದ ಎಲುಬು ಹೇಗೆ ತೊನೆಯುವುದೋ ಬಹುಮಟ್ಟಿಗೆ ಹಾಗೆಯೇ, ಕುದುರೆಯ ಮೇಲೆ ಎರಡು ಪಕ್ಕಕ್ಕೂ ಕಾಲು ಇಳಿಬಿಟ್ಟು ಕುಳಿತವನ ಸೊಂಟವೂ ಆ ಚಲನೆಯಿಂದ ತೊನೆಯುತ್ತದೆ. ಎಂದೂ ನಡೆದರಿಯದ ಮಗುವಿನ ಮೆದುಳಿಗೆ, ನಡಿಗೆಯೆಂದರೆ ಸೊಂಟದಲ್ಲಿ ಹೇಗನ್ನಿಸುತ್ತದೆಂಬ ಅನುಭವವನ್ನು ಬೇರಾವ ಯಂತ್ರವೂ ಇಷ್ಟು ಸಹಜವಾಗಿ ಒದಗಿಸುವುದು ಕಷ್ಟ. ನಿಮಿಷಕ್ಕೆ ನೂರರ ಆಸುಪಾಸಿನಲ್ಲಿ ಹೆಜ್ಜೆಗಳು ಬೀಳುವುದರಿಂದ, ಇಪ್ಪತ್ತು ನಿಮಿಷಗಳ ಅವಧಿಯಲ್ಲಿ ಸುಮಾರು ಎರಡು ಸಾವಿರ ಸಲ ಮಗುವಿನ ಮುಂಡದ ಸ್ನಾಯುಗಳು ತಮ್ಮ ಸಮತೋಲವನ್ನು ಕಳೆದುಕೊಳ್ಳುವಂತಾಗಿ ಮರಳಿ ಅದನ್ನು ಸಾಧಿಸಿಕೊಳ್ಳಬೇಕಾಗುತ್ತದೆ. ಫಿಸಿಯೋಥೆರಪಿಯ ಕೋಣೆಯಲ್ಲಿ ಬೇಸರಗೊಂಡು ಅಳುವ ಮಗು ಇಲ್ಲಿ ಅಷ್ಟೂ ಅಭ್ಯಾಸವನ್ನು ತನಗರಿವಿಲ್ಲದೆ ಮಾಡಿ ಮುಗಿಸುತ್ತದೆ. ಇದಕ್ಕೆ ಸೇರಿ ಕುದುರೆಯ ಮೈಬಿಸಿ ಮನುಷ್ಯನದಕ್ಕಿಂತ ಒಂದಿಷ್ಟು ಹೆಚ್ಚು: 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಆ ಬಿಸುಪು, ಅಗಲವಾದ ಬೆನ್ನಿನ ಮೇಲೆ ತೊಡೆಗಳು ಹಿಗ್ಗಿ ಕೂರುವ ಭಂಗಿ, ಲಯಬದ್ಧವಾದ ತೂಗಾಟ, ಇವು ಮೂರೂ ಕೂಡಿ, ಕತ್ತರಿಯಂತೆ ಒಂದಕ್ಕೊಂದು ಬಿಗಿದುಕೊಂಡಿರುವ ಕಾಲುಗಳ ಸ್ನಾಯುಗಳನ್ನು ಸ್ವಲ್ಪ ಕಾಲ ಸಡಿಲಗೊಳಿಸುತ್ತವೆ.

ಬರಿಯ ಕೂರುವಿಕೆಯಿಂದಲೇ ಈ ಫಲ ಬರಬಹುದಲ್ಲವೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಈ ಪ್ರಶ್ನೆಯನ್ನೇ ಇಟ್ಟುಕೊಂಡು 2003ರಲ್ಲಿ ಅಮೆರಿಕದಲ್ಲಿ ಒಂದು ಪುಟ್ಟ ಪರೀಕ್ಷೆ ನಡೆಯಿತು: ಮೆದುಳಿನ ದೋಷದಿಂದ ಸ್ನಾಯುಗಳ ಹತೋಟಿ ತಪ್ಪುವ ಸೆರೆಬ್ರಲ್ ಪಾಲ್ಸಿಯುಳ್ಳ 15 ಮಕ್ಕಳಲ್ಲಿ ಕೆಲವರನ್ನು ಎಂಟು ನಿಮಿಷ ನಡೆಯುವ ಕುದುರೆಯ ಮೇಲೆಯೂ, ಮಿಕ್ಕವರನ್ನು ಅಷ್ಟೇ ಹೊತ್ತು ಅಲುಗಾಡದ ಪೀಪಾಯಿಯ ಮೇಲೆಯೂ ಕೂರಿಸಿ, ಎರಡು ಪಕ್ಕಗಳ ಸ್ನಾಯುಗಳ ಕೆಲಸದಲ್ಲಿ ಎಷ್ಟು ಸಮತೆಯಿದೆಯೆಂದು ಅಳೆದರು. ಕುದುರೆಯ ಮೇಲೆ ಕುಳಿತವರಲ್ಲಿ ಸಮತೆ ಗಮನಾರ್ಹವಾಗಿ ಸುಧಾರಿಸಿತ್ತು. ಪೀಪಾಯಿಯ ಮೇಲೆ ಕುಳಿತವರಲ್ಲಿ ಹಾಗಾಗಲಿಲ್ಲ. ಸಣ್ಣ ಪರೀಕ್ಷೆಯಾದರೂ ಅದು ತೋರಿಸುವ ದಿಕ್ಕು ಸ್ಪಷ್ಟವಾಗಿದೆ. ಆಟಿಸಂ ಇರುವ 6ರಿಂದ 16 ವರ್ಷದ ಮಕ್ಕಳ ಮೇಲೆ ಕೊಲೊರಾಡೋ ಪ್ರಾಂತದಲ್ಲಿ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹತ್ತು ವಾರಗಳ ಸವಾರಿಯಿಂದ ಸಿಡುಕೂ ಅತಿಚಟುವಟಿಕೆಯೂ, ಕುದುರೆಯ ಸಂಪರ್ಕವಿಲ್ಲದೆ ಲಾಯದ ವಿಷಯಗಳನ್ನು ಮಾತ್ರ ಕಲಿತ ಮಕ್ಕಳಿಗಿಂತ ಹೆಚ್ಚಾಗಿ ತಗ್ಗಿದುದು ಕಂಡುಬಂದಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವುಳ್ಳ ವಯಸ್ಕರ ವಿಷಯದಲ್ಲಿ ಜರ್ಮನಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಹನ್ನೆರಡು ವಾರಗಳ ಪ್ರಯೋಗವು ಶರೀರದ ಸಮತೋಲ ಉತ್ತಮಗೊಳ್ಳುವುದನ್ನು ತೋರಿಸಿತು. ಇವಿಷ್ಟೂ ಉತ್ಸಾಹ ತರತಕ್ಕ ಸಂಗತಿಗಳೇ. ಆದರೂ ಕೂರುವ ಭಂಗಿ, ಮುಂಡದ ಹಿಡಿತ, ಸಮತೋಲ ಇವುಗಳಲ್ಲಿ ಕಾಣುವಷ್ಟು ನಿಶ್ಚಿತವಾದ ಫಲ, ನಡೆಯುವುದು, ಮೆಟ್ಟಿಲೇರುವುದು ಮೊದಲಾದ ದೊಡ್ಡ ಕ್ರಿಯೆಗಳಲ್ಲಿ ಎಲ್ಲ ಅಧ್ಯಯನಗಳಲ್ಲಿಯೂ ಏಕರೂಪವಾಗಿ ಕಂಡುಬಂದಿಲ್ಲ. ಸೆರೆಬ್ರಲ್ ಪಾಲ್ಸಿಯನ್ನಾಗಲಿ ಆಟಿಸಮ್ಮನ್ನಾಗಲಿ ಕುದುರೆಯು ಗುಣಪಡಿಸುತ್ತದೆಂದು ಯಾರಾದರೂ ಭರವಸೆಯಿತ್ತರೆ, ಅಲ್ಲಿಂದ ಎದ್ದು ಬರುವುದೇ ಲೇಸು. ಇದು ನಿತ್ಯದ ಫಿಸಿಯೋಥೆರಪಿಗೂ ಔಷಧಕ್ಕೂ ಶಾಲೆಗೂ ಜತೆಯಾಗಿ ನಿಲ್ಲತಕ್ಕ ಸಹಾಯವೇ ಹೊರತು, ಅವುಗಳ ಸ್ಥಾನವನ್ನು ಆಕ್ರಮಿಸತಕ್ಕದ್ದಲ್ಲ.

ಹೆಸರೊಂದೇ ಎಂದು ತೋರಿದರೂ ಇಲ್ಲಿ ಎರಡು ಬೇರೆಬೇರೆ ಪದ್ಧತಿಗಳುಂಟು. ಮಗುವನ್ನು ಯಾವುದಕ್ಕೆ ಸೇರಿಸುತ್ತಿದ್ದೇವೆಂಬುದನ್ನು ಪೋಷಕರು ಅರಿತಿರಬೇಕು. ಹಿಪ್ಪೋಥೆರಪಿಯೆಂಬುದು ವೈದ್ಯಕೀಯ ಚಿಕಿತ್ಸೆ. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಅಥವಾ ವಾಕ್‌ಚಿಕಿತ್ಸೆಯಲ್ಲಿ ಪದವಿ ಪಡೆದವರು ತಾವೇ ನಿಂತು ನಡೆಸತಕ್ಕದ್ದು. ಅದರಲ್ಲಿ ರೋಗಿಯು ಕುದುರೆಯನ್ನು ನಡೆಸುವುದಿಲ್ಲ. ಕುದುರೆಯ ನಡಿಗೆಯನ್ನು ಚಿಕಿತ್ಸಕರು ಹೆಚ್ಚಿಸಿ ತಗ್ಗಿಸಿ, ನಿಲ್ಲಿಸಿ ಹೊರಡಿಸಿ, ರೋಗಿಯನ್ನು ಕೆಲವೊಮ್ಮೆ ಹಿಮ್ಮುಖವಾಗಿಯೂ ಅಡ್ಡಲಾಗಿಯೂ ಕೂರಿಸಿ, ಬೇಕಾದ ಸ್ನಾಯುವಿಗೆ ಬೇಕಾದ ಕೆಲಸವನ್ನು ಕೊಡುತ್ತಾರೆ. ಎರಡನೆಯದು ಚಿಕಿತ್ಸಕ ಅಶ್ವಾರೋಹಣ. ಇಲ್ಲಿ ತರಬೇತಿಯಾದ ಸವಾರಿ ಶಿಕ್ಷಕರು ವಿಕಲಚೇತನರಿಗೆ ಅವರ ಶಕ್ತಿಗೆ ತಕ್ಕಂತೆ ಲಗಾಮು ಹಿಡಿಯುವುದನ್ನೂ ಕುದುರೆಯನ್ನು ತಿರುಗಿಸುವುದನ್ನೂ ಕಲಿಸುತ್ತಾರೆ. ಅಂಧರಿಗೆ, ಶ್ರವಣದೋಷವುಳ್ಳವರಿಗೆ, ಬುದ್ಧಿಮಾಂದ್ಯವಿರುವ ಕಿಶೋರರಿಗೆ, ಒಂದು ಕಾಲನ್ನು ಕಳೆದುಕೊಂಡವರಿಗೆ ಈ ಎರಡನೆಯದು ತಕ್ಕುದು. ಸದಾ ಇನ್ನೊಬ್ಬರ ಕೈಯಿಂದ ತಳ್ಳಿಸಿಕೊಳ್ಳುವ ಗಾಲಿಕುರ್ಚಿಯಲ್ಲಿ ಕುಳಿತು ಎಲ್ಲರನ್ನೂ ಕೆಳಗಿನಿಂದ ನೋಡುತ್ತಿದ್ದವನು, ನಾನೂರು ಕಿಲೋ ತೂಕದ ಪ್ರಾಣಿಯೊಂದು ತನ್ನ ಮಾತಿಗೆ ನಿಲ್ಲುವುದನ್ನು ಕಂಡಾಗ ಪಡುವ ಹರ್ಷಕ್ಕೆ ಯಾವ ಅಳತೆಗೋಲೂ ಇಲ್ಲ. ಅದನ್ನು ಚಿಕಿತ್ಸೆಯಲ್ಲವೆಂದು ತಳ್ಳಿಹಾಕುವುದು ನನಗೆ ಸಮ್ಮತವಲ್ಲ.

ಇನ್ನು ಯಾರು ಕುದುರೆಯೇರಬಾರದೆಂಬುದನ್ನು ಒಂದಕ್ಕೆರಡು ಸಲ ಓದಿಕೊಳ್ಳತಕ್ಕದ್ದು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೊದಲೆರಡು ಎಲುಬುಗಳ ಕೀಲು ಸಡಿಲವಾಗಿರುವುದುಂಟು. ಕುದುರೆಯ ಮೇಲಣ ಒಂದು ಜಗ್ಗಾಟದಿಂದ ಬೆನ್ನುಹುರಿಗೆ ಪೆಟ್ಟಾಗಬಹುದಾದುದರಿಂದ, ವೈದ್ಯರು ಕತ್ತನ್ನು ಪರೀಕ್ಷಿಸಿ, ಬೇಕೆಂದರೆ ಎಕ್ಸ್‌ರೇ ತೆಗೆಸಿ, ಲಿಖಿತವಾಗಿ ಒಪ್ಪಿಗೆ ಕೊಡದೆ ಅಂಥ ಮಗುವನ್ನು ಎಂದಿಗೂ ಕೂರಿಸಕೂಡದು. ಔಷಧದಿಂದ ಹತೋಟಿಗೆ ಬಾರದ ಫಿಟ್ಸ್, ಸೊಂಟದ ಕೀಲು ತಪ್ಪಿರುವುದು, ಬೆನ್ನೆಲುಬಿನ ತೀವ್ರ ಡೊಂಕು, ಸುಲಭವಾಗಿ ಮುರಿಯುವ ಮೂಳೆಗಳು, ರಕ್ತ ಹೆಪ್ಪುಗಟ್ಟದ ಹಿಮೋಫೀಲಿಯಾ, ಕುಳಿತಲ್ಲೇ ಕುಳಿತು ಆದ ಹುಣ್ಣುಗಳು, ಈಚೆಗೆ ಆದ ಶಸ್ತ್ರಚಿಕಿತ್ಸೆ, ಕುದುರೆಯ ಕೂದಲಿಗೋ ಹುಲ್ಲಿನ ಧೂಳಿಗೋ ಏಳುವ ಉಬ್ಬಸ ಇವೆಲ್ಲವೂ ತಡೆಗಳೇ. ಕೆಲವು ಶಾಶ್ವತವಾದ ತಡೆಗಳು, ಕೆಲವು ತಾತ್ಕಾಲಿಕ. ಎರಡು ವರ್ಷ ತುಂಬದ ಕೂಸನ್ನು ಕುದುರೆಯ ಮೇಲೆ ಕೂರಿಸುವ ಪ್ರಸಂಗವೇ ಬರಬಾರದು. ಸ್ಪೈನಾ ಬೈಫಿಡಾ ಎಂಬ ಹುಟ್ಟಿನ ಬೆನ್ನುಹುರಿ ದೋಷವಿರುವವರಲ್ಲಿ, ಕಾಲಿನ ಶಕ್ತಿಯಲ್ಲಾಗಲಿ ಮೂತ್ರದ ಹತೋಟಿಯಲ್ಲಾಗಲಿ ಹೊಸ ಬದಲಾವಣೆ ಕಂಡಕೂಡಲೆ ಸವಾರಿಯನ್ನು ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ಇವಾವುದನ್ನೂ ಕೇಳದೆ, ಮಗುವಿನ ವೈದ್ಯಕೀಯ ಕಾಗದಗಳನ್ನು ನೋಡದೆ, ಬಂದ ದಿನವೇ ಕುದುರೆಯ ಮೇಲೆ ಕೂರಿಸಲು ಸಿದ್ಧರಾಗುವವರ ಬಳಿಗೆ ಹೋಗದಿರುವುದೇ ಕ್ಷೇಮ.

ಕುದುರೆಯ ಆಯ್ಕೆಗೆ ಬಂದರೆ, ಕುಣಿಗಲ್ಲಿನ ಜನ ಚೆನ್ನಾಗಿ ಬಲ್ಲ ಕುದುರೆಯೇ ಈ ಕೆಲಸಕ್ಕೆ ಒಗ್ಗುವುದು ಕಡಮೆ ಎಂಬುದನ್ನು ಹೇಳಬೇಕಾಗುತ್ತದೆ. ಥರೋಬ್ರೆಡ್ ಎಂಬ ಪಂದ್ಯದ ತಳಿ ಸಾಮಾನ್ಯವಾಗಿ ಹದಿನಾರು ಹ್ಯಾಂಡ್, ಎಂದರೆ ಹೆಗಲಿನವರೆಗೆ ಐದೂಕಾಲು ಅಡಿಗೂ ಮೀರಿದ ಎತ್ತರದ, ಬಿಸಿರಕ್ತದ, ಸದ್ದಿಗೆ ಬೆಚ್ಚುವ, ಓಡುವುದಕ್ಕಾಗಿಯೇ ತಲೆಮಾರುಗಳಿಂದ ಆರಿಸಿ ಬೆಳೆಸಿದ ಪ್ರಾಣಿ. ಪಂದ್ಯದಿಂದ ನಿವೃತ್ತವಾದ ಕುದುರೆಗಳಲ್ಲಿ ಸೌಮ್ಯ ಸ್ವಭಾವದ ಕೆಲವು, ತಿಂಗಳುಗಟ್ಟಲೆಯ ಹೊಸ ಶಿಕ್ಷಣದ ತರುವಾಯ, ಈ ಕೆಲಸಕ್ಕೆ ಬರುವುದುಂಟು. ಆದರೆ ಅದು ನಿಯಮವಲ್ಲ, ಅಪವಾದ. ಚಿಕಿತ್ಸೆಗೆ ಬೇಕಾದುದು ಹದಿಮೂರರಿಂದ ಹದಿನೈದು ಹ್ಯಾಂಡ್ ಎತ್ತರದ, ಪಕ್ಕದಲ್ಲಿ ನಡೆಯುವವರ ಕೈ ಸವಾರನ ಸೊಂಟಕ್ಕೆ ಸುಲಭವಾಗಿ ಎಟಕುವ, ನಡುವಯಸ್ಸು ದಾಟಿದ, ಹಿಡ ಮಾಡಿದ ಗಂಡು ಕುದುರೆ ಅಥವಾ ಶಾಂತವಾದ ಹೆಣ್ಣು ಕುದುರೆ. ಅದರ ಹೆಜ್ಜೆ ಕುಂಟಿಲ್ಲದೆ ಎರಡು ಕಡೆಯೂ ಸಮವಾಗಿರಬೇಕು. ಏಕೆಂದರೆ ಕುದುರೆಯ ನಡಿಗೆಯ ದೋಷ ಹಾಗೆಯೇ ಸವಾರನ ಸೊಂಟಕ್ಕೆ ಇಳಿಯುತ್ತದೆ. ಗಾಲಿಕುರ್ಚಿಯೊಂದು ಮಗ್ಗುಲಿಗೆ ಬಂದರೂ, ಮಗು ತಟ್ಟನೆ ಕಿರುಚಿದರೂ, ಊರುಗೋಲು ಕಲ್ಲಿನ ಮೇಲೆ ಬಿದ್ದು ಸದ್ದು ಮಾಡಿದರೂ ಅದು ಅಲುಗದೆ ನಿಲ್ಲುವುದನ್ನು ಕಲಿತಿರಬೇಕು. ಸವಾರನೂ ಜೀನೂ ಕೂಡಿದ ಭಾರ ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂಬುದು ಬಲ್ಲವರು ಒಪ್ಪಿರುವ ಮಿತಿ. 350 ಕಿಲೋ ತೂಗುವ ಕುದುರೆಗೆ 70 ಕಿಲೋ. ಸಮತೋಲವಿಲ್ಲದ ಸವಾರನ ಭಾರ ಕುದುರೆಗೆ ಮತ್ತಷ್ಟು ಆಯಾಸಕರವಾದುದರಿಂದ ಆ ಮಿತಿಗಿಂತ ಕೆಳಗೇ ನಿಲ್ಲುವುದು ಪ್ರಾಣಿದಯೆಗೆ ಒಪ್ಪುವ ಮಾತು.

ನಮ್ಮ ಊರುಗಳಲ್ಲಿ ಮದುವೆಯ ಮೆರವಣಿಗೆಗೂ ಉತ್ಸವಕ್ಕೂ ಬಾಡಿಗೆಗೆ ಬರುವ ಕುದುರೆಗಳು ಸುಲಭವಾಗಿ ಸಿಗುತ್ತವೆ. ಮುನ್ನೂರೋ ಐನೂರೋ ಕೊಟ್ಟರೆ ಅದರ ಯಜಮಾನ ಮಗುವನ್ನು ಕೂರಿಸಿ ಬೀದಿಯಲ್ಲಿ ಒಂದು ಸುತ್ತು ಹಾಕಿಸಲು ಒಪ್ಪಿಯಾನು. ದಯವಿಟ್ಟು ಹಾಗೆ ಮಾಡಬೇಡಿರಿ. ಹಿಡಿದುಕೊಳ್ಳುವವರಿಲ್ಲದೆ, ತಲೆಗೆ ಹೆಲ್ಮೆಟ್ ಇಲ್ಲದೆ, ಟಾರು ರಸ್ತೆಯ ಮೇಲೆ, ಪಟಾಕಿಗೂ ಹಾರನ್ನಿಗೂ ಹೆದರಬಹುದಾದ ಕುದುರೆಯ ಮೇಲೆ, ತನ್ನ ದೇಹವನ್ನು ತಾನೇ ಹಿಡಿದುಕೊಳ್ಳಲಾರದ ಮಗುವನ್ನು ಕೂರಿಸುವುದು ಚಿಕಿತ್ಸೆಯಾಗದು. ಬಿದ್ದರೆ ಇರುವ ವೈಕಲ್ಯಕ್ಕೆ ಇನ್ನೊಂದು ಸೇರೀತು. ಕುದುರೆಗಳಿಂದ ಮನುಷ್ಯರಿಗೆ ಹರಡಬಲ್ಲ ಗ್ಲಾಂಡರ್ಸ್ ಎಂಬ ಮಾರಕ ರೋಗ ನಮ್ಮ ದೇಶದಲ್ಲಿ ಆಗಾಗ ಕಾಣಿಸಿಕೊಳ್ಳುವುದರಿಂದ, ಯಾವ ಕೇಂದ್ರಕ್ಕೇ ಹೋಗಲಿ, ಅಲ್ಲಿನ ಕುದುರೆಗಳಿಗೆ ಆ ರೋಗದ ರಕ್ತಪರೀಕ್ಷೆಯಾಗಿದೆಯೆಂಬ ಪಶುವೈದ್ಯರ ಪತ್ರವನ್ನು ಕೇಳಿ ನೋಡಿರಿ. ಲಾಯದ ಮಣ್ಣಿನಲ್ಲಿ ಧನುರ್ವಾಯುವಿನ ಬೀಜಗಳಿರುವುದು ಸಾಮಾನ್ಯ, ಮಗುವಿಗೆ ಅದರ ಲಸಿಕೆ ಕ್ರಮವಾಗಿ ಆಗಿರಬೇಕು.

ಒಳ್ಳೆಯ ಕೇಂದ್ರವನ್ನು ಗುರುತಿಸುವುದಕ್ಕೆ ಅಲ್ಲಿನ ಕಟ್ಟಡವನ್ನೂ ಬೋರ್ಡನ್ನೂ ನೋಡುವ ಬದಲು ಕೆಲವು ಸಣ್ಣ ಸಂಗತಿಗಳನ್ನು ನೋಡತಕ್ಕದ್ದು. ಒಬ್ಬ ಸವಾರನಿಗೆ ಎಷ್ಟು ಮಂದಿ ನಿಲ್ಲುತ್ತಾರೆ? ಕುದುರೆಯ ಮುಂದೆ ಹಗ್ಗ ಹಿಡಿದು ನಡೆಸುವ ಒಬ್ಬರು, ಎರಡು ಪಕ್ಕಗಳಲ್ಲಿ ಸವಾರನ ತೊಡೆಯನ್ನೋ ಸೊಂಟವನ್ನೋ ಆನಿಸಿಕೊಂಡು ನಡೆಯುವ ಇಬ್ಬರು, ನಿರ್ದೇಶನ ಕೊಡುವ ಚಿಕಿತ್ಸಕರೊಬ್ಬರು. ಆರಂಭದ ದಿನಗಳಲ್ಲಿ ನಾಲ್ವರಿಗಿಂತ ಕಡಮೆಯಿರಬಾರದು. ಗಾಲಿಕುರ್ಚಿಯಿಂದ ಕುದುರೆಯ ಮಟ್ಟಕ್ಕೆ ಏರಲು ಇಳಿಜಾರಿನ ಜಗಲಿ ಇದೆಯೆ? ಹನ್ನೆರಡಕ್ಕೆ ಒಂದರ ಇಳಿಜಾರಿನ ನಿಯಮದಂತೆ 75 ಸೆಂಟಿಮೀಟರ್ ಎತ್ತರಕ್ಕೆ ಒಂಬತ್ತು ಮೀಟರ್ ಉದ್ದದ ಜಗಲಿ ಬೇಕು. ಎರಡು ಕಡೆಯೂ ಹಿಡಿಕಂಬಿ ಇರಬೇಕು. ಇಬ್ಬರು ಗಂಡಸರು ಮಗುವನ್ನು ಎತ್ತಿ ಕುದುರೆಯ ಮೇಲೆ ಹಾಕುವ ಕಡೆ ಬಿದ್ದೀತೆಂಬ ಭಯ ಮಗುವಿಗೂ ಹೋಗದು, ಕುದುರೆಯ ಬೆನ್ನಿಗೂ ನೋವು ತಪ್ಪದು. ಬಿದ್ದಾಗ ಕಾಲು ಸಿಕ್ಕಿಕೊಳ್ಳದೆ ಕಳಚಿಕೊಳ್ಳುವ ರಿಕಾಪುಗಳಿವೆಯೇ? ಸವಾರನನ್ನು ಜೀನಿಗೆ ಬೆಲ್ಟಿನಿಂದ ಬಿಗಿದು ಕಟ್ಟುತ್ತಾರೆಯೇ? ಕಟ್ಟುವುದಾದರೆ ಅದು ಅಪಾಯದ ಪದ್ಧತಿ; ಕುದುರೆ ಜಾರಿಬಿದ್ದಾಗ ಸವಾರನೂ ಅದರಡಿಗೆ ಸಿಕ್ಕಿಕೊಳ್ಳುತ್ತಾನೆ. ಸವಾರಿಯ ಅಂಗಳದ ನೆಲ ಮರಳಿನದಾಗಿದ್ದು ಸುತ್ತ ಬೇಲಿಯಿರಬೇಕು. ನಮ್ಮ ತುಮಕೂರಿನ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೆಳಗಿನ ಎಂಟು ಗಂಟೆಯೊಳಗೆ ಕೆಲಸ ಮುಗಿಯುವಂತಿದ್ದರೆ ಕುದುರೆಗೂ ಮಗುವಿಗೂ ಒಳ್ಳೆಯದು. ಕೊನೆಯದಾಗಿ, ಲಾಯದ ಹಿಂದೆ ಹೋಗಿ ಕುದುರೆಗಳನ್ನು ನೋಡಿರಿ: ಜೀನಿನಡಿಯ ಬೆನ್ನಿನಲ್ಲಿ ಹುಣ್ಣಿದ್ದರೆ, ಪಕ್ಕೆಲುಬು ಎದ್ದು ಕಾಣುತ್ತಿದ್ದರೆ, ಗೊರಸು ಸೀಳಿದ್ದರೆ, ಮೂಕಪ್ರಾಣಿಯನ್ನು ಹೀಗೆ ನೋಡಿಕೊಳ್ಳುವವರು ಮಗುವನ್ನು ಚೆನ್ನಾಗಿ ನೋಡಿಕೊಂಡಾರೆಂದು ನಂಬಲು ಕಾರಣವಿಲ್ಲ.

ಹೋಗುವ ಮೊದಲು ಮನೆಯಲ್ಲಿ ಮಾಡಬೇಕಾದ ಸಿದ್ಧತೆ ಹೆಚ್ಚಿನದೇನೂ ಅಲ್ಲ. ಒಳತೊಡೆಯಲ್ಲಿ ದಪ್ಪ ಹೊಲಿಗೆಯಿಲ್ಲದ ಉದ್ದನೆಯ ಮೆತ್ತನೆಯ ಪ್ಯಾಂಟು, ಹಿಮ್ಮಡಿಯಿರುವ ಶೂ, ಉಂಡು ಒಂದು ಗಂಟೆಯಾದರೂ ಕಳೆದಿರುವ ಹೊಟ್ಟೆ, ತಪ್ಪದೆ ಕೊಟ್ಟ ಫಿಟ್ಸಿನ ಔಷಧ; ಇಷ್ಟು ಸಾಕು. ಕಾಲಿಗೆ ಹಾಕುವ ಸ್ಪ್ಲಿಂಟನ್ನು ತೆಗೆಯಬೇಕೋ ಇರಿಸಬೇಕೋ ಎಂಬುದನ್ನು ಚಿಕಿತ್ಸಕರು ಹೇಳಲಿ. ಮೊದಲ ದಿನ ಕುದುರೆಯೇರುವ ಆತುರ ಬೇಡ: ದೂರದಿಂದ ನೋಡಿ, ಹತ್ತಿರ ಹೋಗಿ, ಮೂಸಲು ಬಿಟ್ಟು, ಅಂಗೈಯನ್ನು ಚಪ್ಪಟೆಯಾಗಿ ಹಿಡಿದು ಕ್ಯಾರೆಟ್ಟಿನ ತುಂಡು ತಿನ್ನಿಸಿ, ಬ್ರಷ್ಷಿನಿಂದ ಮೈಯುಜ್ಜಿ ಬಂದರೆ ಮೊದಲ ಪಾಠ ಮುಗಿಯಿತು. ಮುಂದೆ ವಾರಕ್ಕೆ ಒಂದೋ ಎರಡೋ ಸಲ, ಕುದುರೆಯ ಮೇಲೆ ಇಪ್ಪತ್ತರಿಂದ ಮೂವತ್ತು ನಿಮಿಷ, ಹತ್ತು ಹನ್ನೆರಡು ವಾರ ನಡೆಸಿ ಫಲವನ್ನು ಪರಿಶೀಲಿಸುವುದು ವಾಡಿಕೆ. ಪರಿಶೀಲನೆಗೆ ಒಂದು ಸುಲಭೋಪಾಯವೆಂದರೆ, ಆರಂಭಕ್ಕೆ ಮುಂಚೆ ಮಗು ನೆಲದ ಮೇಲೆ ಕೈಯೂರದೆ ಎಷ್ಟು ಸೆಕೆಂಡು ಕೂರಬಲ್ಲದೆಂಬುದನ್ನು ಮೊಬೈಲಿನಲ್ಲಿ ಚಿತ್ರಿಸಿಟ್ಟುಕೊಂಡು, ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ಚಿತ್ರಿಸಿ ಹೋಲಿಸುವುದು. ಮೂರು ತಿಂಗಳಿಗೂ ಏನೊಂದೂ ವ್ಯತ್ಯಾಸ ಕಾಣದಿದ್ದರೆ, ಮಗುವಿಗೆ ಅದರಲ್ಲಿ ಸಂತೋಷವೂ ಇಲ್ಲದಿದ್ದರೆ, ಆ ಹಣವನ್ನೂ ಆ ಪ್ರಯಾಣವನ್ನೂ ಬೇರೆ ಚಿಕಿತ್ಸೆಗೆ ತಿರುಗಿಸುವುದರಲ್ಲಿ ತಪ್ಪಿಲ್ಲ.

ಕುದುರೆಯೇರಬಾರದೆಂದು ವೈದ್ಯರು ಹೇಳಿದವರು ನಿರಾಶರಾಗಬೇಕಾಗಿಲ್ಲ. ನೆಲದ ಮೇಲೆಯೇ ನಿಂತೋ, ಗಾಲಿಕುರ್ಚಿಯಲ್ಲಿ ಕುಳಿತೋ, ಕುದುರೆಯ ಮೈಯುಜ್ಜುವುದು, ಬಾಲ ಬಾಚುವುದು, ನೀರು ತೋರಿಸುವುದು, ಹುರುಳಿಯನ್ನು ಅಳೆದು ತೊಟ್ಟಿಗೆ ಹಾಕುವುದು, ಇಂಥ ಕೆಲಸಗಳಿಂದ ಕೈಬೆರಳುಗಳ ಚಲನೆಗೂ, ಮಾತಿಗೂ, ಗಮನವನ್ನು ಒಂದೆಡೆ ನಿಲ್ಲಿಸುವ ಶಕ್ತಿಗೂ ಬಹಳ ಉಪಕಾರವುಂಟು. ಆಟಿಸಂ ಇರುವ ಮಗುವಿಗೆ ಮನುಷ್ಯರ ಮುಖದ ಭಾವವನ್ನು ಓದುವುದು ಕಷ್ಟ; ಕುದುರೆಯ ಕಿವಿ ಮುಂದೆ ಬಾಗಿದರೆ ಕುತೂಹಲ, ಹಿಂದೆ ಒರಗಿದರೆ ಕೋಪ ಎಂಬಷ್ಟು ಸರಳವಾದ ಭಾಷೆಯನ್ನು ಅದು ಬೇಗನೆ ಕಲಿಯುತ್ತದೆ. ಕುದುರೆಯೇ ಸಿಗದ ಹಳ್ಳಿಗಳಲ್ಲಿ, ಅಲುಗಾಡುವ ದೊಡ್ಡ ಚೆಂಡಿನ ಮೇಲೋ ದುಂಡು ದಿಂಬಿನ ಮೇಲೋ ಎರಡು ಪಕ್ಕಕ್ಕೂ ಕಾಲು ಇಳಿಬಿಟ್ಟು ಕೂರಿಸಿ ಮಾಡಿಸುವ ಅಭ್ಯಾಸಗಳನ್ನು ಫಿಸಿಯೋಥೆರಪಿಸ್ಟ್ ಒಬ್ಬರಿಂದ ಕಲಿತು ಮನೆಯಲ್ಲಿ ಮಾಡಿಸಬಹುದು. ನಡೆಯುವ ಕುದುರೆಯ ಫಲ ಅಷ್ಟೂ ಅದರಿಂದ ಬಾರದಿದ್ದರೂ, ನಿತ್ಯವೂ ಮಾಡಬಲ್ಲ ಅನುಕೂಲ ಅದಕ್ಕಿದೆ.

ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ಹೇಳತಕ್ಕುದೆಂದರೆ, ಕುದುರೆಯಿಂದ ಆರಂಭಿಸಬೇಡಿರಿ, ಪರೀಕ್ಷೆಯಿಂದ ಆರಂಭಿಸಿರಿ. 2013ರಲ್ಲಿ ಮೊದಲಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಏರ್ಪಡಿಸುವ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳು ಮಕ್ಕಳ ಬೆಳವಣಿಗೆಯ ದೋಷಗಳನ್ನು ಶುಲ್ಕವಿಲ್ಲದೆ ಪರೀಕ್ಷಿಸುತ್ತವೆ. ಗುಬ್ಬಿ, ಕುಣಿಗಲ್ ಕಡೆಯವರು ಅದಕ್ಕಾಗಿ ತುಮಕೂರಿನ ಜಿಲ್ಲಾ ಆಸ್ಪತ್ರೆಯನ್ನು ವಿಚಾರಿಸತಕ್ಕದ್ದು. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ವಿಕಲಚೇತನರ ಗುರುತಿನ ಯು.ಡಿ.ಐ.ಡಿ. ಕಾರ್ಡಿಗೂ ವೈಕಲ್ಯದ ಪ್ರಮಾಣಪತ್ರಕ್ಕೂ ದಾರಿ ತೋರಿಸುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಯ ವೈಕಲ್ಯಗಳು ಸೇರಿವೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇವುಳ್ಳವರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ನೆರವುಂಟು. ಸವಾರಿಯ ಶುಲ್ಕವೂ ಅದರಲ್ಲಿ ಸೇರುತ್ತದೆಂದು ಊಹಿಸಿಕೊಳ್ಳದೆ ಮೊದಲೇ ಕೇಳಿಕೊಳ್ಳಿರಿ. ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಅಂಗವಿಕಲರಿಗಾಗಿ 1959ರಿಂದ ದುಡಿಯುತ್ತಿರುವ ಎ.ಪಿ.ಡಿ. ಸಂಸ್ಥೆ, ನಿಮ್ಹಾನ್ಸ್, ಇವು ರೋಗನಿರ್ಣಯಕ್ಕೂ ಪುನರ್ವಸತಿಯ ಸಲಹೆಗೂ ಹೋಗತಕ್ಕ ಸ್ಥಳಗಳು. ಸವಾರಿ ಶಾಲೆಗಳು ಹೆಚ್ಚಾಗಿ ಬೆಂಗಳೂರಿನ ಸುತ್ತಮುತ್ತ ಇವೆ. ಅಲ್ಲಿಗೆ ಫೋನು ಮಾಡಿದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಮಗು ಕುದುರೆಯ ಮೇಲಿರುವಷ್ಟು ಹೊತ್ತೂ ಪದವೀಧರರಾದ ಫಿಸಿಯೋಥೆರಪಿಸ್ಟರೋ ಮೇಲೆ ಹೇಳಿದ ಬೇರೆ ಚಿಕಿತ್ಸಕರೋ ಅಂಗಳದಲ್ಲಿ ಇರುತ್ತಾರೆಯೆ? ಇಲ್ಲವೆಂದಾದರೆ ಅದು ಸವಾರಿಯ ಪಾಠವಾದೀತು, ಹಿಪ್ಪೋಥೆರಪಿಯಾಗದು. ಅದಕ್ಕೆ ತಕ್ಕ ಹಣವನ್ನಷ್ಟೇ ಕೊಡಿರಿ. ಕುಣಿಗಲ್ಲಿನ ಸ್ಟಡ್ ಫಾರಂ ಹುಟ್ಟಿದ್ದು ತಳಿಯ ಕೆಲಸಕ್ಕೆ. ಮಕ್ಕಳನ್ನು ಕರೆದುಕೊಂಡು ಅದರ ಬಾಗಿಲಿಗೆ ಹೋಗುವುದರಿಂದ ಪ್ರಯೋಜನವಿಲ್ಲ.

ಆದರೆ ಎಂದೆಂದಿಗೂ ಹಾಗೆಯೇ ಇರಬೇಕಾಗಿಲ್ಲ. ಹುತ್ರಿದುರ್ಗದ ಹೋಬಳಿಯಿಂದ ಮಗುವನ್ನು ಹೊತ್ತುಕೊಂಡು ವಾರಕ್ಕೆರಡು ಸಲ ಬೆಂಗಳೂರಿನ ಆಚೆಯ ಮಗ್ಗುಲಿಗೆ ಹೋಗಿಬರುವುದು ಕೂಲಿನಾಲಿ ಮಾಡುವ ತಾಯಿಗೆ ಆಗುವ ಮಾತಲ್ಲ. ಎರಡು ಶತಮಾನಗಳಿಗೂ ಮಿಗಿಲಾಗಿ ಕುದುರೆಯನ್ನು ಸಾಕುವ ವಿದ್ಯೆ, ಲಾಳ ಕಟ್ಟುವವರ ಕೈಚಳಕ, ಸಯಿಸರ ಅನುಭವ, ಹುಲ್ಲುಗಾವಲು ಇವೆಲ್ಲ ಕುಣಿಗಲ್ಲಿನಲ್ಲಿಯೇ ಇರುವಾಗ ಆಕೆ ಅಷ್ಟು ದೂರ ಹೋಗಬೇಕಾಗಿ ಬರುವುದು ನ್ಯಾಯವೂ ಅಲ್ಲ. ಎರಡು ಎಕರೆ ಜಾಗ, ಬೇಲಿ ಹಾಕಿದ ಮರಳಿನ ಅಂಗಳ, ಒಂದು ಇಳಿಜಾರಿನ ಜಗಲಿ, ಮೂರು ನಾಲ್ಕು ಸೌಮ್ಯವಾದ ಕುದುರೆಗಳು, ವಾರಕ್ಕೆ ಎರಡು ಬೆಳಗು ಬಂದುಹೋಗುವ ಫಿಸಿಯೋಥೆರಪಿಸ್ಟ್ ಒಬ್ಬರು, ಪಕ್ಕದಲ್ಲಿ ನಡೆಯಲು ತರಬೇತಿ ಪಡೆದ ಕಾಲೇಜಿನ ಎನ್.ಎಸ್.ಎಸ್. ವಿದ್ಯಾರ್ಥಿಗಳು, ಒಂದು ಕೇಂದ್ರದ ಆರಂಭಕ್ಕೆ ಇದಕ್ಕಿಂತ ಹೆಚ್ಚು ಬೇಡ. ಈ ಬೇಡಿಕೆ ಪಶುಸಂಗೋಪನಾ ಇಲಾಖೆಗೂ, ವಿಕಲಚೇತನರ ಇಲಾಖೆಗೂ, ಕುಣಿಗಲ್ಲಿನ ಶಾಸಕರಿಗೂ ಪೋಷಕರ ಬಾಯಿಂದಲೇ ತಲುಪಬೇಕು. ಆದುದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೆ: ನಿಮ್ಮ ಪಂಚಾಯಿತಿಯಲ್ಲಿ ಮುಂದಿನ ಗ್ರಾಮಸಭೆ ನಡೆದಾಗ, ಇಂಥ ಮಕ್ಕಳಿರುವ ನಾಲ್ಕು ಮನೆಗಳವರು ಕೂಡಿ ಒಂದು ಅರ್ಜಿಯನ್ನು ಬರೆದು, ಸಹಿ ಹಾಕಿ, ಸಭೆಯ ನಡಾವಳಿಯಲ್ಲಿ ಅದು ದಾಖಲಾಗುವಂತೆ ನೋಡಿಕೊಳ್ಳಿರಿ.